ಮತ್ತಿತರರು

ಮೈಕ್‌ಸೆಟ್ ಗೌಸ್ ಪೀರ್ ತೀರಿಕೊಂಡು ನಲವತ್ತು ದಿನ ಕಳೆದ ಮೇಲೆ
ಮಗಳು ನಸೀಮಾ ತಂದುಕೊಟ್ಟಳು ಈ ಫೈಲು.
"ಗಿಲಕಿ ಧನಪಾಲನಿಗೇ ಸೇರಬೇಕು ಅಂದಿದ್ದರು ಅಬ್ಬಾ."
ರೆಕ್ಸಿನ್ ರಟ್ಟು, ಕಟ್ಟಿದ್ದು ಬೂಟಿನ ಲೇಸು,
ಬಿಚ್ಚಿದರೆ ಮೈದಾ ಅಂಟಿನ ಮುಗ್ಗಲು.

ಇಪ್ಪತ್ತಾರು ತುಣುಕು. ಎಲ್ಲ ನಮ್ಮದೇ.
ಭದ್ರಾ ಕಿನ್ನರಿ ವಾದ್ಯವೃಂದ, ಪೇಪರ್ ಟೌನ್, ಭದ್ರಾವತಿ.

ಕನ್ನಡಕ ಹಣೆಗೇರಿಸಿ, ಕಾಗದ ಮೂಗಿಗೆ ಹಿಡಿದು ಓದುತ್ತೇನೆ:
"ಲಕ್ಕವಳ್ಳಿಯಲ್ಲಿ ರಸಸಂಜೆ. ಅಕಾರ್ಡಿಯನ್ನಿನಲ್ಲಿ ಶ್ರೀ ಆಂತೋಣಿ ರಾಜ್,
ತಬಲಾದಲ್ಲಿ ಶ್ರೀ ಹಾಲೇಶಪ್ಪ,
ಮತ್ತಿತರರು ಸಾಥ್ ನೀಡಿದರು."
ಆ ಮತ್ತಿತರರು ನಾನು.
ಬಹುವಚನದಲ್ಲಿ ಒಬ್ಬನೇ,
ತೆಂಗಿನ ಚಿಪ್ಪಿಗೆ ಗುಲಗಂಜಿ ತುಂಬಿ ಹಿಡಿಕೆ ಜಡಿದ
ಎರಡು ಗಿಲಕಿಗಳ ನಡುವೆ.
ತರೀಕೆರೆ, ಹೊಳೆಹೊನ್ನೂರು, ಆಯನೂರು,
ಶಿವಮೊಗ್ಗದ ನೌಕರರ ಸಂಘದ ವಾರ್ಷಿಕೋತ್ಸವ,
ಎಲ್ಲಿ ಹೋದರೂ ಮತ್ತಿತರರು.
ಒಮ್ಮೆ ಮಾತ್ರ "ಇತರೆ".
ಆ ವಾರ ಜಾಗ ಕಮ್ಮಿ ಇತ್ತೇನೋ.

ಹನ್ನೊಂದನೆಯದರ ಹತ್ತಿರ ನಿಲ್ಲಬೇಕು.
"ಕು. ರೇಣುಕ ಅವರ ಇಂಪಾದ ಕಂಠಕ್ಕೆ ಸಭಿಕರು ತಲೆದೂಗಿದರು."
ಕುಮಾರಿ ಅಲ್ಲ ಮಾರಾಯರೆ, ನಮ್ಮ ಕುಂಸಿ ರೇಣುಕಪ್ಪ!
ಉಕ್ಕಿನ ಕಾರ್ಖಾನೆಯ ಫಿಟ್ಟರು, ಹುರಿಮೀಸೆ,
ಉಗುರಿನ ಸಂದಿಯಲ್ಲಿ ಗ್ರೀಸು.
"ಕುಂ. ರೇಣುಕಪ್ಪ" ಅಂತಲೇ ಬರೆದುಕೊಟ್ಟಿದ್ದೆವು.
ಮೊಳೆ ಜೋಡಿಸುವವನ ಕೈಯಲ್ಲಿ
ಸೊನ್ನೆಯೊಂದು ಉದುರಿತು, ಅಪ್ಪ ಎಲ್ಲೋ ಹೋದ.

ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಿದ್ದರು ನಮ್ಮ ಲಾರಿಯಲ್ಲಿ?
ಯುಗಳಗೀತೆ ಬಂದರೆ ಅವನೇ ಎರಡೂ.
ಗಂಡಿನ ಸಾಲಿಗೆ ಜನರ ಕಡೆ ಮುಖ,
ಹೆಣ್ಣಿನ ಸಾಲಿಗೆ ಸ್ವಲ್ಪ ಕತ್ತು ಹೊರಳಿಸಿ, ಕಣ್ಣು ಮುಚ್ಚಿ.
ಬಯಲಿನ ಕೊನೆಯಲ್ಲಿ ಕೂತವರು ಎದ್ದು ನಿಂತು ಹುಡುಕುತ್ತಿದ್ದರು,
ಹುಡುಗಿ ಎಲ್ಲಿ, ಹುಡುಗಿ ಎಲ್ಲಿ.

ಪತ್ರಿಕೆ ಬಂದ ವಾರಕ್ಕೇ ಒಂದು ಇನ್‌ಲ್ಯಾಂಡ್ ಲೆಟರು.
ಚನ್ನಗಿರಿಯ ಪಡಿತರ ಅಂಗಡಿಯವರು, ಮೊದಲನೆಯವಳು ತೀರಿಕೊಂಡಿದ್ದಾಳೆ,
ಮಕ್ಕಳಿಲ್ಲ, ಹುಡುಗಿ ಹಾಡುವುದಕ್ಕೆ ಅಡ್ಡಿಯಿಲ್ಲ.
ಆಂತೋಣಿ ಗಟ್ಟಿಯಾಗಿ ಓದಿದ.
ಹೊಟ್ಟೆ ಹಿಡಿದುಕೊಂಡು ನಕ್ಕೆವು.
ರೇಣುಕಪ್ಪನೂ ನಕ್ಕ,
ಎಲ್ಲರಿಗಿಂತ ಒಂದು ಮಾತ್ರೆ ತಡವಾಗಿ.

ಮುಂದಿನ ವಾರ ತಿದ್ದುಪಡಿ ಹಾಕಿದರು, ಕಿರುಬೆರಳ ಉಗುರಿನಷ್ಟು.
ಅದು ಈ ಫೈಲಿನಲ್ಲಿಲ್ಲ.
ಗೌಸ್ ಪೀರ್ ಕತ್ತರಿಸಿಟ್ಟದ್ದು ತಪ್ಪನ್ನು ಮಾತ್ರ.
ರೇಣುಕಪ್ಪನ ಅಂಗಿ ಜೇಬಿನಲ್ಲೂ, ಗೇಟ್ ಪಾಸಿನ ಹಿಂದೆ,
ನಾಲ್ಕು ಮಡಿಕೆ ಮಾಡಿದ್ದೊಂದು ಇತ್ತು.
ನೋಡಿದ್ದೆ. ಕೇಳಲಿಲ್ಲ.

ಈ ಕಾಗದ ನಮ್ಮ ಗಿರಣಿಯದೇ ಇರಬೇಕು.
ಪಾಳಿಯ ಮೇಲೆ ಪಾಳಿ ಉರುಳೆ ಸುತ್ತಿ ಲಾರಿಗೇರಿಸಿದವನು ನಾನು,
ನನ್ನ ಹೆಸರಿಗೇ ಅದರಲ್ಲಿ ಜಾಗವಿಲ್ಲ, ಇರಲಿ.
ಹಾಳು ನಾತ ಅಂತ ಬೈದುಕೊಂಡೇ ಅನ್ನ ಉಂಡೆವು.
ಈಗ ಚಿಮಣಿ ತಣ್ಣಗಿದೆ.
ಆ ನಾತಕ್ಕಾಗಿ ಕೆಲವು ಬೆಳಗ್ಗೆ ಕಿಟಕಿ ತೆರೆಯುತ್ತೇನೆ.

ಹಿಂಬದಿ ತಿರುಗಿಸಿದರೆ ಬೇರೆಯೇ ಲೋಕ:
ಅರ್ಧ ಬಸ್ಸಿನ ವೇಳೆ, ಅಡಿಕೆ ಧಾರಣೆಯ ತಲೆ,
ಕಳೆದುಹೋದ ಹುಡುಗ, ಎಣ್ಣೆಗೆಂಪು ಮೈಬಣ್ಣ, ನೀಲಿ ಚಡ್ಡಿ,
"ಸುಳಿವು ಸಿಕ್ಕವರು ದಯವಿಟ್ಟು"
ಅಲ್ಲಿಗೆ ಕತ್ತರಿ.
ಸಿಕ್ಕಿದನೋ ಇಲ್ಲವೋ.
ಅದರ ಈ ಬದಿಗೆ ನಾವು ಶಾಲು ಹೊದ್ದು ನಿಂತಿದ್ದೇವೆ,
ಫೋಟೋದ ಅಂಚಿನಲ್ಲಿ ನನ್ನದೊಂದು ಮೊಣಕೈ.

ಕೊನೆಯದು ಬಣ್ಣದ್ದು. ಶ್ರದ್ಧಾಂಜಲಿ.
ಕೆ. ರೇಣುಕಪ್ಪ, ನಿವೃತ್ತ ಫಿಟ್ಟರ್. ಮೀಸೆ ಬೆಳ್ಳಗೆ.
ಪತ್ನಿ, ಮಕ್ಕಳು, ಮೊಮ್ಮಕ್ಕಳು, ಫೋನ್ ನಂಬರು.
ಹಾಡಿನ ಸುದ್ದಿಯೇ ಇಲ್ಲ.

ನಸೀಮಾ ಚಹಾ ಕುಡಿದು ಎದ್ದಳು.
ಚಪ್ಪಲಿ ಮೆಟ್ಟುತ್ತ ಕೇಳಿದಳು:
"ಮಾಮ, ರೇಣುಕ ಅಂತ ಒಬ್ಬರು ಹಾಡುತ್ತಿದ್ದರಂತಲ್ಲ,
ಅಬ್ಬಾ ಬಹಳ ನೆನೆಸುತ್ತಿದ್ದರು. ಈಗೆಲ್ಲಿದ್ದಾರೆ ಅವರು?"

ಲೇಸು ಕಟ್ಟುತ್ತಿದ್ದೆ, ಕಟ್ಟಿ ಮುಗಿಸಿದೆ.
ಚನ್ನಗಿರಿಗೆ ಕೊಟ್ಟರಮ್ಮ, ಅಂದೆ.
ಒಳ್ಳೆ ಮನೆ.