ಬಿಡಿಸು

ಇಪ್ಪತ್ತೆರಡು ವರ್ಷ ನಾನು ಹೇಳಿದ್ದು ಎರಡೇ ಮಾತು.
ಹಿಡಿಯಿರಿ. ಬಿಡಿ.
ತುಳುವಿನವರಿಗೆ ಉಸುಲು ಪತ್ಲೆ, ಬುಡ್ಲೆ.
ಮಲಯಾಳದವರಿಗೆ ಶ್ವಾಸಂ ಪಿಡಿಕ್ಕ್, ವಿಟ್ಟೋ.
ಕೊಂಕಣಿ ಬಾಯಮ್ಮಂದಿರಿಗೆ ಕೈಸನ್ನೆ ಸಾಕು.
ಆ ಎರಡು ಮಾತಿನ ನಡುವೆ
ಸೀಸದ ಏಪ್ರನ್ ತೊಟ್ಟು, ಗೋಡೆಯ ಆಚೆ ನಿಂತು
ಗುಂಡಿ ಒತ್ತುವುದು.

ಕಾಸರಗೋಡಿನ ಅರ್ಧ ಊರಿನ ಎದೆಗೂಡು ನನಗೆ ಗೊತ್ತು.
ಮುಖ ನೆನಪಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ನಕ್ಕರೆ
ಕೊರಳೆಲುಬು ನೋಡಿ ನೆನೆಸಿಕೊಳ್ಳುತ್ತಿದ್ದೆ:
ಸ್ಕೂಟರಿನಿಂದ ಬಿದ್ದವರು. ಎಡಗಡೆ. ಸರಿಯಾಗಿ ಕೂಡಿಲ್ಲ.

ಮೊಗ್ರಾಲಿನ ಕುಂಞಾಮಿನ ನಾಲ್ಕು ಸಲ ಬಂದಳು.
ಎದೆಯಲ್ಲಿ ಕಲ್ಲು, ಅಂದಳು.
ಫಿಲ್ಮಿನಲ್ಲಿ ಗುಡಿಸಿದ ಅಂಗಳದ ಹಾಗೆ ಎದೆ.
ಏನೂ ಇಲ್ಲ, ಅಂದರು ಡಾಕ್ಟರು.
ಅವಳು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು,
ತಿರುಗಿಸಿ, ತಲೆಕೆಳಗು ಮಾಡಿ, ನನ್ನನ್ನೇ ಕೇಳಿದಳು:
ಇದರಲ್ಲಿ ಬೀಳೂದಿಲ್ವಾ ಅದು?
ನಾಲ್ಕನೇ ಸಲ, ವಿಟ್ಟೋ ಅಂದೆ. ಬಿಡಲಿಲ್ಲ.
ಮತ್ತೆ ಅಂದೆ.
ಪ್ಲೇಟಿಗೆ ಎದೆ ಒತ್ತಿ, ಗದ್ದ ಊರಿ, ಹಾಗೆಯೇ ನಿಂತಿದ್ದಳು.
ಗೋಡೆ ದಾಟಿ ಹೋಗಿ ಬೆನ್ನು ಮುಟ್ಟಿದೆ.
ಹೊರಗೆ ಹದಿನೇಳನೇ ಟೋಕನ್ ಬಾಗಿಲು ಬಡಿಯುತ್ತಿತ್ತು.

ನಲವತ್ತೇಳಕ್ಕೆ ಕೆಲಸ ಬಿಟ್ಟೆ.
ಚಂಚಲಾಕ್ಷಿ ಅಂತ ಹೆಸರಿಟ್ಟದ್ದೇ ತಪ್ಪು, ಅಂದಳು ಚಿಕ್ಕಮ್ಮ.
ಗಂಡ ಪೆನ್ಶನ್ ಲೆಕ್ಕದ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿ
ಮೂರು ದಿನ ಮಾತಾಡಲಿಲ್ಲ.
ಶನಿವಾರ ಭಾನುವಾರ ಬೆಳಗಿನ ಪ್ಯಾಸೆಂಜರಿನಲ್ಲಿ ಮಂಗಳೂರು.
ಕ್ಲಾಸಿನಲ್ಲಿ ನನ್ನ ಮಗಳ ವಯಸ್ಸಿನ ಹದಿನಾಲ್ಕು ಮಂದಿ.
ಮೊದಲ ದಿನ, ನಿಮ್ಮ ಕೈ ಬಿಡಿಸಿ, ಅಂದರು.
ಮಣಿಕಟ್ಟಿನಿಂದ ತೊಡಗಿ ಇಪ್ಪತ್ತೇಳು ಎಲುಬು ಬಿಡಿಸಿದೆ,
ಒಂದೂ ತಪ್ಪದೆ.
ಟೀಚರು ಬಹಳ ಹೊತ್ತು ನೋಡಿ,
ಚರ್ಮ ಎಲ್ಲಿ ಮಾರಾಯ್ತಿ? ಅಂದರು.

ಹಲಸಿನ ಸೊಳೆ ಬಿಡಿಸುತ್ತೇವೆ, ದಾರದ ಗಂಟು ಬಿಡಿಸುತ್ತೇವೆ,
ಬ್ಯಾಂಕಿನಲ್ಲಿಟ್ಟ ಚಿನ್ನ ಬಿಡಿಸುತ್ತೇವೆ. ಚಿತ್ರವನ್ನೂ.
ಎಲ್ಲ ಒಂದೇ ಮಾತೆಂದು ಇಷ್ಟು ವರ್ಷ ಹೊಳೆದಿರಲಿಲ್ಲ.
ಕೋರ್ಸಿನ ಫೀಸಿಗೆ ಅಡವಿಟ್ಟ ಬಳೆ
ಇನ್ನೂ ಬಿಡಿಸಿಲ್ಲ, ಅದು ಬೇರೆ ವಿಷಯ.

ಈಗ ಕುಂಬಳೆಯಲ್ಲಿ, ಟೈಲರ್ ಅಂಗಡಿಯ ಮೇಲೆ
ಒಂದು ಕೋಣೆ, ಎರಡು ಕುರ್ಚಿ, ರೈಲು ಕಾಣುವ ಕಿಟಕಿ.
ಯಾರೂ ಕೊಂಡೊಯ್ಯದ ಹಳೆಯ ಫಿಲ್ಮುಗಳನ್ನು
ಹೆಸರಿದ್ದ ಮೂಲೆ ಕತ್ತರಿಸಿ,
ಬ್ಲೀಚಿಂಗ್ ಪುಡಿಯ ಬಕೆಟ್ಟಿನಲ್ಲಿ ನೆನೆಸಿ ತಿಕ್ಕುತ್ತೇನೆ.
ಕಪ್ಪು ಕಳಚುತ್ತದೆ. ಆಚೆ ಕಾಣುವ ನೀಲಿ ಹಾಳೆ ಉಳಿಯುತ್ತದೆ.
ಅಮ್ಮನಿಗೊಂದು, ಮನೆಗೊಂದು, ಸತ್ತವರಿಗೊಂದು,
ಸಿಟ್ಟಿಗೆ ಬೇಕಿದ್ದರೆ ಎರಡು.
ಬಿಡಿಸಿ, ಒಂದರ ಮೇಲೊಂದಿಟ್ಟು,
ಬೆಳಕಿಗೆ ಹಿಡಿದು ಸರಿಸಿ ನೋಡಬಹುದು.

ಐತಪ್ಪಣ್ಣನದು ಐದು ವಾರದಿಂದ ಒಂದೇ ಚಿತ್ರ:
ಆಟೋದ ಹಿಂದು ಕಾಣುವ ಕನ್ನಡಿ. ಒಳಗೆ ಖಾಲಿ.
ಮಾರ್ಚಿನಿಂದ ಆಟೋ ಅಂಗಳದಲ್ಲಿ ಟರ್ಪಾಲಿನಡಿ ಇದೆ.
ಹಿಂದಿನ ಸೀಟಿನಲ್ಲಿ ಯಾರಿದ್ದರೆಂದು
ಅವನು ಹೇಳಿಲ್ಲ, ನಾನು ಕೇಳಿಲ್ಲ.

ಇವತ್ತು ಕೈಗೆ ಸಿಕ್ಕ ಹಾಳೆ ಸರಿಯಾಗಿ ತೊಳೆದಿರಲಿಲ್ಲ.
ಅಂಚಿನಲ್ಲಿ ಮೂರು ಪಕ್ಕೆಲುಬು, ಮಂಜಿನ ಹಾಗೆ.
ಉಂದು ಏರೆನ? ಅಂದ.
ಯಾರದೆಂದು ಗೊತ್ತಿಲ್ಲ, ಅಂದೆ. ನಿಜವೇ.
ಬೇರೆ ಕೊಡಲು ಎದ್ದೆ. ಬೇಡ, ಅಂದ.
ಆ ಎಲುಬುಗಳನ್ನು ಬೆರಳಿನಿಂದ ಒಮ್ಮೆ ಸವರಿ,
ಕನ್ನಡಿಯ ಹಾಳೆ ತಂದು ಮೇಲಿಟ್ಟ.
ಸರಿಸಿದ. ಇನ್ನಷ್ಟು ಸರಿಸಿದ,
ಮೂರೂ ಗೆರೆ ಕನ್ನಡಿಯೊಳಗೆ ಬರುವವರೆಗೆ.
ಎರಡನ್ನೂ ಎತ್ತಿ ಕಿಟಕಿಗೆ ಹಿಡಿದ.

ಗೂಡ್ಸ್ ರೈಲೊಂದು ಆ ನೀಲಿಯೊಳಗೆ
ಹಾದು ಮುಗಿಯುವಷ್ಟು ಹೊತ್ತು ಹಿಡಿದೇ ಇದ್ದ.
ನಾನು ಉಸಿರು ಬಿಟ್ಟಿಲ್ಲವೆಂದು
ಕೆಳಗೆ ಟೈಲರಿನ ಮೆಶಿನ್ ನಿಂತಾಗ ಗೊತ್ತಾಯಿತು.