ನಾಲ್ಕನೇ ಹಾಡಿನ ಪೆಡಲು

ವಾರಿಜಾಳ ಮೊದಲ ಆಲ್ಬಂ ಬಂದು ಹದಿನೇಳು ದಿನ.
ಹೆಸರು ‘ಏಳನೇ ಅಡ್ಡರಸ್ತೆ’. ಒಂಬತ್ತು ಹಾಡು.
ಅದರ ಪಿಯಾನೋ ಶ್ರುತಿ ಮಾಡಿದವನು ನಾನು.
ಹಾಗಾಗಿ ಹೋದಲ್ಲೆಲ್ಲ ಕೇಳುತ್ತೇನೆ, ಹೇಗಿದೆ ಅಂತ,
ಕೊಟ್ಟ ಸಾಲ ನೆನಪಿಸುವವನ ಹಾಗೆ.

ಕಾಕ್ಸ್‌ಟೌನಿನ ಡಿಮೆಲ್ಲೊ ಒಂದು ಕಾಲಕ್ಕೆ
ಬ್ರಿಗೇಡ್ ರಸ್ತೆಯ ಹೋಟೆಲಲ್ಲಿ ಟ್ರಂಪೆಟ್ ಊದಿದವರು.
ಮೊದಲ ಹಾಡು ಅರ್ಧಕ್ಕೇ ನಿಲ್ಲಿಸಿ
ಹಲ್ಲುಸೆಟ್ಟು ಸರಿಮಾಡಿಕೊಂಡರು:
‘ಹುಡುಗಿ ತಾಳಕ್ಕಿಂತ ಚೂರು ಹಿಂದೆ ಹಾಡ್ತಾಳೆ.
ಬೇಕಂತಲೇ.
ಬಸ್ಸು ಹೊರಟ ಮೇಲೆ ಹತ್ತುವವರಿಗಷ್ಟೇ ಅದು ಗೊತ್ತು.’

ಮಲ್ಲೇಶ್ವರದ ಪದ್ಮಾಸನಿ ಮೇಡಂ,
ಏಳು ವರ್ಷ ಅವಳಿಗೆ ಪಾಠ ಹೇಳಿದವರು,
ಫೋನಲ್ಲಿ ಬಹಳ ಹೊತ್ತು ಸುಮ್ಮನಿದ್ದರು.
‘ಆ ಗಾಂಧಾರ ಸಾಧಾರಣವೂ ಅಲ್ಲ, ಅಂತರವೂ ಅಲ್ಲ.
ಹೊಸ್ತಿಲ ಮೇಲೆ ನಿಂತುಬಿಟ್ಟಿದೆ.
ಹೊಸ್ತಿಲ ಮೇಲೆ ನಿಲ್ಲಬಾರದು ಅಂತ
ಎಷ್ಟು ಸಲ ಹೇಳಿದ್ದೆ.’
ಆಮೇಲೆ ತಗ್ಗಿದ ದನಿಯಲ್ಲಿ,
ಡಬ್ಬಿಯ ಚಕ್ಕುಲಿ ಕದ್ದದ್ದನ್ನು ಒಪ್ಪಿಕೊಂಡಂತೆ,
‘ಆರನೆಯದನ್ನು ಎರಡು ಸಲ ಕೇಳಿದೆ.’

ಮೆಡಿಕಲ್ ಸ್ಟೋರಿನ ಇಮ್ತಿಯಾಜ್‌ಗೆ ನಿದ್ದೆ ಬಂತಂತೆ.
ಮುಖ ಸಣ್ಣದು ಮಾಡಿಕೊಂಡೆ.
‘ಮಾತ್ರೆ ಇಲ್ಲದೆ ಸಾರ್’ ಅಂದ.

ನನ್ನ ಮಗನಿಗೆ ಅದು ತೀರ ಹಳೆಯದು,
ನನ್ನಣ್ಣನಿಗೆ ತೀರ ಹೊಸದು.
ನಿವೃತ್ತ ಕನ್ನಡ ಮೇಷ್ಟ್ರು ಗುರುಬಸಪ್ಪನವರಿಗೆ ಸಿಟ್ಟು:
‘ಒತ್ತಕ್ಷರ ನುಂಗಿದಾಳೆ!
ಕತ್ತಲೆ ಅನ್ನುವಲ್ಲಿ ಒಂದೇ ತ!’
ರಾತ್ರಿ ಮತ್ತೆ ಹಾಕಿ ಕೇಳಿದೆ. ಮೇಷ್ಟ್ರು ಹೇಳಿದ್ದು ನಿಜ.
ಆದರೆ ಆ ಇನ್ನೊಂದು ತ
ಡ್ರಮ್ಮಿನ ಮೇಲೆ ಬ್ರಷ್ಷಾಗಿ ಬಿದ್ದಿತ್ತು.

ಇಷ್ಟು ಜನರಲ್ಲಿ ಒಬ್ಬರೂ ಹೇಳದ್ದು ಒಂದಿದೆ.
ನಾಲ್ಕನೇ ಹಾಡಲ್ಲಿ ಪೆಡಲು ಕಿರುಗುಟ್ಟುತ್ತದೆ.
ಎಣ್ಣೆ ಬಿಡಲು ಮಂಡಿಯೂರಿದ್ದೆ,
ವಾರಿಜಾ ಕಾಲು ಅಡ್ಡವಿಟ್ಟಳು.
‘ಇರಲಿ ಬಿಡಿ. ಇಲ್ಲದಿದ್ದರೆ
ನಾನು ಎಲ್ಲಿ ತುಳಿದೆ ಅಂತ ಗೊತ್ತಾಗೋದು ಹೇಗೆ?’
ನಲವತ್ತು ವರ್ಷದ ಕಸುಬು ನನ್ನದು.
ಯಾರೂ ಗಮನಿಸದಿರಲಿ ಅಂತ ಹರಕೆ ಹೊತ್ತೆ,
ಯಾರೂ ಗಮನಿಸಲಿಲ್ಲ ಅಂತ
ಈಗ ಹೊಟ್ಟೆಯಲ್ಲಿ ಏನೋ ಕಸಿವಿಸಿ.

ನಿನ್ನೆ ಲಿಂಗರಾಜಪುರದಲ್ಲಿ
ಟೈಲರ್ ಮೆಹಬೂಬಿಯ ಅಂಗಡಿ.
ಪ್ಯಾಂಟಿನ ಜಿಪ್ಪು ಹಾಕಿಸಲು ಹೋದವನು
ಸುಮ್ಮನೆ ಕೂರಲಾರದೆ ಫೋನಲ್ಲಿ ಹಾಡು ಹಚ್ಚಿದೆ.
ಒಂದು ಮುಗಿಯಿತು, ಎರಡು, ಮೂರು.
ತಲೆ ಎತ್ತಲಿಲ್ಲ ಅವಳು.
ನಾಲ್ಕು ಶುರುವಾಗಿ ಸ್ವಲ್ಪ ಹೊತ್ತಿಗೆ
ಅವಳ ಪಾದ ನಿಂತಿತು.

‘ಯಾರೋ ಮಿಷಿನ್ ತುಳೀತಿದಾರಲ್ಲ ಇದರಲ್ಲಿ.
ಎಣ್ಣೆ ಹಾಕಿಲ್ಲ.’

ಹಾಡು ಹೇಗಿದೆ ಅಂದೆ.
ದಾರ ಕಚ್ಚಿ ಕತ್ತರಿಸಿ
ಪ್ಯಾಂಟು ಕೊಡವಿ ನನ್ನ ಕೈಗಿಟ್ಟಳು.
‘ಪಾಪ, ರಾತ್ರಿ ಹೊತ್ತು ಕೆಲಸ ಮಾಡ್ತಿದಾಳೆ.
ಅರವತ್ತು ರೂಪಾಯಿ.’