ಬೋಗುಣಿಗೆ ಹೊದಿಸಿದ ಕೌದಿ

ಶುಕ್ರವಾರ ಪೇಟೆಯ ಹಳೇ ವಾಡೆಯ ಮಾಳಿಗೆಯಲ್ಲಿ
ನಮ್ಮಿಬ್ಬರಿಗೆ ಒಂದೇ ಕೋಣೆ, ಒಂದೇ ಹಾಸಿಗೆ,
ಒಂದೇ ಕೌದಿ.
ರಾತ್ರಿ ನನ್ನದು, ಹಗಲು ಮೌಲಾಸಾಬನದು.
ನಾನು ಪುಸ್ತಕಕ್ಕೆ ರಟ್ಟು ಕಟ್ಟುವವ,
ಅವನು ಹಾಲಿನ ಗಾಡಿ ಓಡಿಸುವವ.
ನಾನು ಏಳುವಾಗ ಅವನು ಮೆಟ್ಟಿಲೇರುತ್ತಾನೆ,
ಅವನು ಏಳುವಾಗ ನಾನು.
ಭೇಟಿ ಅಂದರೆ ಚಪ್ಪಲಿ ಬಿಡುವಷ್ಟು ಹೊತ್ತು.

ಸಂಕ್ರಾಂತಿಗೆ ಎಂಟು ದಿನ ಇರುವಾಗ ಡಾಕ್ಟರು
ಅವನ ರಕ್ತದ ರಿಪೋರ್ಟು ನೋಡಿ ಹುಬ್ಬೇರಿಸಿದರು.
ಮಟನ್ ಬಂದ್. ಎಣ್ಣೆ ಚಮಚೆಯಲ್ಲಿ. ಉಪ್ಪು ಚಿಟಿಕೆ.
"ಹಂಗಾರ ಉಳದದ್ದೇನು, ನೀರೇನ?" ಅಂದು
ಚೀಟಿಯನ್ನು ಗೋಡೆಯ ಮೊಳೆಗೆ ಚುಚ್ಚಿ
ಕೆಲಸಕ್ಕೆ ಹೋದ.

ಮಂಡಯಿಯಲ್ಲಿ ಮುದುಕಿಯೊಬ್ಬಳು ಗೋಣಿತಾಟಿನ ಮೇಲೆ
ವಾಘ್ಯಾ ಘೇವಡಾ ಸುರುವಿಕೊಂಡು ಕೂತಿದ್ದಳು.
ಮಡಿಕೆ, ಅಲಸಂದಿ, ಹುರುಳಿ ತಿಂದು ಬೆಳೆದವನಿಗೆ
ಕಾಳಿಗೂ ಹುಲಿಯ ಪಟ್ಟೆ ಇರುತ್ತದೆಂದು ಗೊತ್ತಿರಲಿಲ್ಲ.
ಅರ್ಧ ಕಿಲೋ ಕಟ್ಟಿಸಿಕೊಂಡೆ.
"ಅವಸರ ಮಾಡಬ್ಯಾಡ, ಬಾಳಾ,
ಅವಸರದವರಿಗೆ ಇದು ಹೊಟ್ಟೆನೋವು."

ಬೆಳಿಗ್ಗೆ ನೆನೆಹಾಕಿದ ಹುಲಿಗಳು ಸಂಜೆಗೆ
ಉಬ್ಬಿ, ಪಟ್ಟೆ ಮಾಸಿ, ಸಾಧು ಪ್ರಾಣಿಗಳಾಗಿದ್ದವು.
ನೆನೆದ ನೀರು ಚೆಲ್ಲಿ, ಹೊಸದು ಹೊಯ್ದು,
ಅರ್ಧ ತಾಸು ಕೊತಕೊತ ಕುದಿಸಿದೆ, ದೊಡ್ಡ ಉರಿಯಲ್ಲಿ.
ಇದೊಂದು ಕಡೆ ಜಿಪುಣತನ ನಡೆಯುವುದಿಲ್ಲ.
ಸುಟ್ಟ ಉಳ್ಳಾಗಡ್ಡಿ, ಹನ್ನೆರಡು ಎಸಳು ಬೆಳ್ಳುಳ್ಳಿ,
ಐದು ಟೊಮೆಟೊ, ಕುಂಬಳದ ಹೋಳು,
ಬಣ್ಣಕ್ಕೆ ಎರಡು ಬ್ಯಾಡಗಿ, ಜಗಳಕ್ಕೆ ಒಂದು ಲವಂಗಿ,
ಗಟ್ಟಿಯಾಗಲೆಂದು ಹುರಿದ ಜೋಳದ ಹಿಟ್ಟು, ಅರ್ಧ ಮುಷ್ಟಿ.

ಘಾಟಿಗೆ ಕೆಮ್ಮುತ್ತ ಮೇಲೆ ಬಂದರು ಸುಲಭಾತಾಯಿ.
"ಬೆಲ್ಲ ಹಾಕಿದೆಯಾ?"
ಇಲ್ಲ ಅಂದೆ.
ನನಗೇ ಜ್ವರ ಬಂದಿದೆಯೆನ್ನುವ ಹಾಗೆ ನೋಡಿದರು.
ಐದು ನಿಮಿಷಕ್ಕೆ ಬಟ್ಟಲಲ್ಲಿ ಬೆಲ್ಲದ ಚೂರು ಬಂತು.
ಹಾಕಿದೆ. ಪುಣೆಯಲ್ಲಿ ಬಾಳುವೆ ಮಾಡಬೇಕೆಂದರೆ
ಇಷ್ಟಾದರೂ ಸೋಲಬೇಕು.

ಗ್ಯಾಸು ನಮ್ಮದು ಐದು ಕಿಲೋದ ಕೂಸು.
ರಾತ್ರಿಯಿಡೀ ಸಣ್ಣ ಉರಿ ಇಟ್ಟರೆ
ತಿಂಗಳ ಕೊನೆಗೆ ಚಹಾ ಇಲ್ಲ.
ಅವ್ವ ಕಬ್ಬು ಕಡಿಯಲು ಹೋಗುವಾಗ
ಕುದಿಯುವ ಬೋಗುಣಿಯನ್ನು ರವದಿಯಲ್ಲಿ ಹುಗಿದಿಟ್ಟು ಹೋಗುತ್ತಿದ್ದಳು,
ಬಂದಾಗ ಕಾಳು ಬೆಣ್ಣೆ.
ಇಲ್ಲಿ ರವದಿ ಎಲ್ಲಿಯದು?
ಕಾರ್ಖಾನೆಯಿಂದ ತಂದಿದ್ದೆ ಒಂದು ಪೆಟ್ಟಿಗೆ ತುಂಬ
ಕತ್ತರಿಸಿದ ಪುಸ್ತಕಗಳ ಅಂಚು,
ಅಕ್ಷರ ತಪ್ಪಿಸಿಕೊಂಡ ಬಿಳಿ ಎಳೆಗಳು.
ಆ ಗೂಡಿನಲ್ಲಿ ಬೋಗುಣಿ.
ಸುತ್ತ ಕೌದಿ.

ಕೌದಿ ಅವನ ತಾಯಿ ಹುಸೇನಬಿ ಹೊಲಿದದ್ದು.
ಅವನ ಸಾಲಿಯ ಖಾಕಿ ಚಡ್ಡಿಯ ತುಂಡು, ಯಾರದೋ ಹಸಿರು ಸೀರೆ,
ನಡುವೆ ಒಂದು ಹಿಟ್ಟಿನ ಚೀಲ, ಅದರ ಮೇಲೆ
ಇನ್ನೂ ಓದಬಹುದು: ನಿವ್ವಳ ತೂಕ.

ಅಂದು ರಾತ್ರಿ ಒಂಬತ್ತು ಡಿಗ್ರಿ.
ಬೈಂಡಿಂಗಿನ ಕ್ಯಾಲಿಕೋ ಬಟ್ಟೆ ಎರಡು ಮಡಿಕೆ ಹೊದ್ದು
ಮೊಳಕಾಲು ಗದ್ದಕ್ಕೆ ತಂದು ಮಲಗಿದೆ.
ಪಾತ್ರೆಗೆ ಹೊದಿಕೆ, ಮನುಷ್ಯನಿಗೆ ನಡುಕ.
ಒಂದು ಗಂಟೆಗೆ ಕೌದಿಯೊಳಗೆ ಕೈ ತೂರಿಸಿ ನೋಡಿದೆ:
ಬಿಸಿ ಇದೆ.
ಮೂರಕ್ಕೆ ಮತ್ತೆ ನೋಡಿದೆ. ಕೈ ತೆಗೆಯಲಿಲ್ಲ.

ಆರಕ್ಕೆ ಮೆಟ್ಟಿಲು ಕಿರುಗುಟ್ಟಿತು.
ಮೈತುಂಬ ಹಾಲಿನ ಕ್ರೇಟುಗಳ ತಣ್ಣನೆ ವಾಸನೆ ಹೊತ್ತು
ಮೌಲಾಸಾಬ ಬಂದು ನಿಂತ.
ನಾನು ಪೆಟ್ಟಿಗೆಯನ್ನು ತಬ್ಬಿಕೊಂಡಿದ್ದೆ.
ಕಣ್ಣು ಬಿಡಲಿಲ್ಲ, ನಾಚಿಕೆ.
ಕೌದಿ ಸಡಿಲವಾಗುವುದು ಕೇಳಿಸಿತು,
ಆಮೇಲೆ ಮುಚ್ಚಳ,
ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಬೋಗುಣಿಯ ಬಿಸಿ ಇನ್ನೂ ಆರದ ಕೌದಿ
ದೊಪ್ಪನೆ ನನ್ನ ಮೇಲೆ ಬಿತ್ತು,
ಬೆಳ್ಳುಳ್ಳಿ, ಹೊಗೆ, ಹುಸೇನಬಿಯ ಹೊಲಿಗೆ.

"ಉಪ್ಪು ಕಮ್ಮಿ ಆಗೇತಿ," ಅಂದ ಬಾಯಿ ತುಂಬಿಕೊಂಡು.
ನಾನು ಮೊಳೆಯ ಕಡೆ ಬೆರಳು ತೋರಿಸಿ
ಮಗ್ಗುಲಾದೆ.